ಸಿ ಕ್ಲಾಂಪ್ ಆಕಳಿಸಿದಾಗ: ಕ್ಲಾಸ್ ಪ್ರಾಜೆಕ್ಟಿನ ಕ್ಲಾಂಪಿಗೆ ಒಂದು ದೋಷ ನಿವಾರಣೆ ಕೈಪಿಡಿ

ಸಿ ಕ್ಲಾಂಪ್ ಅಂದರೆ ಸ್ಕ್ರೂ ತಿರುಗಿಸಿ ವಸ್ತುವನ್ನು ಬಿಗಿಯಾಗಿ ಹಿಡಿಯುವ, ಇಂಗ್ಲಿಷ್ ಸಿ ಅಕ್ಷರದ ಆಕಾರದ ಸಲಕರಣೆ. ನಮ್ಮ ತಂಡ ಮಾಡಿದ ಮೊದಲ ಸಿ ಕ್ಲಾಂಪ್ ಮುರಿಯಲಿಲ್ಲ, ಆಕಳಿಸಿತು. ಸ್ಕ್ರೂ ಬಿಗಿ ಮಾಡುತ್ತಾ ಹೋದಂತೆ ಬಾಯಿ ಮೆಲ್ಲಗೆ ತೆರೆದುಕೊಂಡಿತು. ಸಡಿಲಿಸಿದ ಮೇಲೂ ಮುಚ್ಚಲಿಲ್ಲ. ನಾಲ್ಕೂ ಜನ ಒಂದೇ ಮಾತು ಹೇಳಿದೆವು: ‘ಮೆಟೀರಿಯಲ್ ಸರಿ ಇಲ್ಲ ಸರ್.’ ವರ್ಕ್‌ಶಾಪ್ ಸರ್ ಕೇಳಿದ್ದು ಒಂದೇ ಪ್ರಶ್ನೆ. ‘ಎಷ್ಟು ಲೋಡ್ ಕೊಟ್ರಪ್ಪಾ?’ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಬೇರೆ ತಂಡಗಳ ಕ್ಲಾಂಪುಗಳನ್ನೂ ನೋಡಿದೆ. ಹತ್ತರಲ್ಲಿ ಬಹುಪಾಲು ಗೋಳು ಈ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತದೆ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲು ಕೊಟ್ಟ ಲೋಡನ್ನು ಅನುಮಾನಿಸಿ, ಲೋಹವನ್ನು ಆಮೇಲೆ ಬೈಯಿರಿ.

ಲೆಕ್ಕಕ್ಕೆ ಉದ್ದಕ್ಕೂ ಒಂದೇ ಕ್ಲಾಂಪ್ ಇಟ್ಟುಕೊಳ್ಳೋಣ. ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟಿನಿಂದ ಕತ್ತರಿಸಿದ ಫ್ರೇಮ್, ಸ್ಕ್ರೂ ತೂರುವ ತುದಿಯನ್ನು ಮಾತ್ರ ತುಂಡು ಸೇರಿಸಿ ದಪ್ಪ ಮಾಡಿದೆ, ಉಳಿದೆಲ್ಲ ಕಡೆ 12 ಮಿ.ಮೀ. ದಪ್ಪ, 25 ಮಿ.ಮೀ. ಅಗಲ. ಬಾಯಿ 55 ಮಿ.ಮೀ. ತೆರೆಯುತ್ತದೆ. ಸಿ ಆಕಾರದ ನೇರ ಭಾಗ ಬೆನ್ನು, ಅದರ ಎರಡು ತುದಿಯಿಂದ ಚಾಚಿದವು ತೋಳುಗಳು. ಸ್ಕ್ರೂವಿನ ನಡುಗೆರೆಯಿಂದ ಬೆನ್ನಿನ ಒಳಮುಖಕ್ಕೆ 50 ಮಿ.ಮೀ. ಸ್ಕ್ರೂ ಎಂ12, ಅಂದರೆ 12 ಮಿ.ಮೀ. ವ್ಯಾಸ. ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ, 1.75 ಮಿ.ಮೀ. ಡಿಸೈನ್ ಲೋಡ್ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಭಾರ.

ಕೈ ಹಾಕುವ ಮೊದಲು

ಕನ್ನಡಕ ಹಾಕಿಕೊಳ್ಳಿ. ಓದುವ ಕನ್ನಡಕ ಅಲ್ಲ, ಸೇಫ್ಟಿ ಗಾಗಲ್ಸ್. ಬೀಡು, ಅಂದರೆ ಕಾಸ್ಟ್ ಐರನ್ನಿನ ಫ್ರೇಮ್ ಆದರೆ ಇದರಲ್ಲಿ ರಿಯಾಯಿತಿ ಇಲ್ಲ. ಬೀಡು ಬಾಗಿ ಮುನ್ಸೂಚನೆ ಕೊಡುವ ಲೋಹವಲ್ಲ, ಒಮ್ಮೆಲೇ ಸಿಡಿಯುತ್ತದೆ. ಸ್ಕ್ರೂವಿನ ನೇರಕ್ಕೂ ಬಾಯಿಯ ಎದುರಿಗೂ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಯುಟಿಎಂ, ಅಂದರೆ ಎಳೆದು ಒತ್ತಿ ಬಲ ಪರೀಕ್ಷಿಸುವ ಮೆಷಿನ್ ಮೇಲೆ ಪರೀಕ್ಷೆ ಮಾಡುವಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ಇರಲೇಬೇಕು. ಮಧ್ಯೆ ಒಂದು ಪಾಲಿಕಾರ್ಬನೇಟ್ ಹಾಳೆ ಅಡ್ಡ ಇಟ್ಟರೆ ಇನ್ನೂ ಒಳ್ಳೆಯದು.

‘ಬಿಗಿ ಮಾಡಿದರೂ ಜಾಬ್ ಜಾರುತ್ತದೆ’

ಜಾಬ್, ಅಂದರೆ ಕ್ಲಾಂಪ್ ಹಿಡಿದಿರುವ ವಸ್ತು, ಜಾರುವುದು ಎಲ್ಲಕ್ಕಿಂತ ಸಾಮಾನ್ಯ ದೂರು, ರಿಪೇರಿಯೂ ಎಲ್ಲಕ್ಕಿಂತ ಅಗ್ಗ. ಮೊದಲು ಒಂದು ಹಳೇ ಬಟ್ಟೆ ತೆಗೆದುಕೊಂಡು ಎರಡೂ ಮುಖ ಒರೆಸಿ. ಒಣ ಉಕ್ಕಿನ ಮೇಲೆ ಉಕ್ಕಿಗೆ ಇರುವ ಹಿಡಿತ ಎಣ್ಣೆ ಬಿದ್ದ ಕೂಡಲೇ ಇಳಿಯುತ್ತದೆ. 2 ಕಿಲೋನ್ಯೂಟನ್ ಬಿಗಿಯಲ್ಲಿ ಘರ್ಷಣೆಯ ಗುಣಾಂಕ 0.15 ಇದ್ದರೆ ಎರಡು ಮುಖ ಸೇರಿ 600 ನ್ಯೂಟನ್ ತಡೆಯುತ್ತವೆ. 0.1 ಆದರೆ 400 ಮಾತ್ರ. ಕ್ಲಾಂಪಿನಲ್ಲಿ ಏನೂ ಬದಲಾಗಿಲ್ಲ, ಮೂರನೇ ಒಂದು ಭಾಗ ಹಿಡಿತ ಹೋಯಿತು.

ಒರೆಸಿದ ಮೇಲೂ ಜಾರಿದರೆ ಕಾರ್ಬನ್ ಪೇಪರ್ ತನ್ನಿ. ಬಿಳಿ ಹಾಳೆಯ ಮೇಲೆ ಅದನ್ನಿಟ್ಟು, ಪ್ಯಾಡಿಗೂ (ಸ್ಕ್ರೂ ತುದಿಯ ಒತ್ತುವ ಬಿಲ್ಲೆ) ಜಾಬಿಗೂ ನಡುವೆ ಸೇರಿಸಿ, ಹಗುರಾಗಿ ಬಿಗಿ ಮಾಡಿ ಬಿಚ್ಚಿ. ಗುರುತು ಇಡೀ ವೃತ್ತವಾಗಿ ಬಿದ್ದರೆ ಪ್ಯಾಡ್ ಸರಿಯಾಗಿ ಕೂತಿದೆ. ಅರ್ಧಚಂದ್ರದಂತೆ ಬಿದ್ದರೆ ಒಂದು ಅಂಚಿನಲ್ಲಷ್ಟೇ ಒತ್ತುತ್ತಿದೆ. ಆಗ ಸ್ಕ್ರೂ ತುದಿಯ ಪ್ಯಾಡ್ ಎಲ್ಲ ಕಡೆ ಆಡುತ್ತದೆಯೇ ನೋಡಿ. ಆಡದಿದ್ದರೆ ಗುಂಡಿಯೊಳಗೆ ಬರ್ (ಕತ್ತರಿಸಿದಾಗ ಉಳಿದ ಚೂಪು ಅಂಚು) ಇರುತ್ತದೆ, ಇಲ್ಲವೇ ತುದಿಯನ್ನು ಜಾಸ್ತಿ ರಿವೆಟ್ ಮಾಡಿರುತ್ತಾರೆ. ಪ್ಯಾಡ್ ಆಡುತ್ತಿದ್ದೂ ಅರ್ಧಚಂದ್ರವೇ ಬಂದರೆ ಕೆಳಗಿನ ದವಡೆಯ ಮುಖ ಸ್ಕ್ರೂವಿಗೆ ಲಂಬವಾಗಿಲ್ಲ ಎಂದರ್ಥ. ಟ್ರೈ ಸ್ಕ್ವೇರ್ (ಲಂಬಕೋನದ ಪಟ್ಟಿ) ಇಟ್ಟು ನೋಡಿ, ಬೆಳಕು ತೂರುವ ಕಡೆಗೆ ಎದುರಿನ ಎತ್ತರವನ್ನು ಅರ ಹಾಕಿ ತಗ್ಗಿಸಿ.

ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುತ್ತಿದೆ ಎಂಬ ಅನುಮಾನ ಬಹಳ ಜನಕ್ಕೆ ಬರುತ್ತದೆ. ಎಂ12ರಲ್ಲಿ ಅದು ಆಗುವುದು ಕಷ್ಟ. ಅದರ ಥ್ರೆಡ್ ಏರುವ ಕೋನ 3 ಡಿಗ್ರಿಯೂ ಇಲ್ಲ. ಗುಣಾಂಕ 0.15 ಇದ್ದರೆ ಘರ್ಷಣೆಯ ಕೋನ ಸುಮಾರು 8.5 ಡಿಗ್ರಿ. ಏರುವ ಕೋನ ಇದಕ್ಕಿಂತ ಕಡಿಮೆ ಇರುವವರೆಗೂ ಸ್ಕ್ರೂ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಬೇಗ ತಿರುಗಲಿ ಎಂದು ಎರಡು ಮೂರು ಸ್ಟಾರ್ಟಿನ, ಅಂದರೆ ಎರಡು ಮೂರು ಎಳೆ ಒಟ್ಟಿಗೆ ಸುತ್ತುವ, ಥ್ರೆಡ್ ಹಾಕಿದ್ದರೆ ಮಾತ್ರ ಲೆಕ್ಕ ಮತ್ತೆ ಮಾಡಿ. ಮೆಷಿನ್ ಅದುರುವ ಜಾಗದಲ್ಲಿ ಬಳಸುತ್ತಿದ್ದರೂ ಸ್ಕ್ರೂ ಸಡಿಲವಾಗಬಹುದು, ಅದು ಬೇರೆ ಕಾಯಿಲೆ.

‘ರಾತ್ರಿ ಬಿಗಿ ಇತ್ತು, ಬೆಳಿಗ್ಗೆ ಸಡಿಲ’

ಫ್ರೇಮ್ 3ಡಿ ಪ್ರಿಂಟ್ ಮಾಡಿದ್ದೇ? ಹಾಗಾದರೆ ಹುಡುಕುವುದು ಬೇಡ. ಪಿಎಲ್‌ಎ ಎಂಬ ಪ್ರಿಂಟಿಂಗ್ ಪ್ಲಾಸ್ಟಿಕ್ ಸತತ ಭಾರದ ಕೆಳಗೆ ನಿಧಾನಕ್ಕೆ ಹರಿಯುತ್ತದೆ, ಅದನ್ನೇ ಕ್ರೀಪ್ ಎನ್ನುವುದು. ಜತೆಗೆ ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಬಂದರೆ ವೈವಾಕ್ಕೆ ಬೇರೆಯೇ ಆಕಾರದ ಕ್ಲಾಂಪ್ ಹೋಗುತ್ತದೆ! ಪ್ರಿಂಟ್ ಮಾಡುವಾಗ ಸಿ ಆಕಾರವನ್ನು ಪ್ರಿಂಟರಿನ ತಟ್ಟೆಯ ಮೇಲೆ ಮಲಗಿಸಿ. ನಿಲ್ಲಿಸಿ ಪ್ರಿಂಟ್ ಮಾಡಿದರೆ ಬೆನ್ನಿನ ಪದರಗಳು ಎಳೆತಕ್ಕೆ ಅಡ್ಡ ಬರುತ್ತವೆ, ದೋಸೆ ಪೇರಿಸಿಟ್ಟಂತೆ ಪದರ ಪದರವಾಗಿ ಬಿಡುತ್ತವೆ.

ಉಕ್ಕಿನ ಕ್ಲಾಂಪಿನಲ್ಲೂ ಇದೇ ದೂರು ಇದ್ದರೆ ಜಾಬನ್ನು ನೋಡಿ. ಮರ, ರಬ್ಬರ್, ಪೇಂಟ್ ಬಳಿದ ತಗಡು ಇವೆಲ್ಲ ಒತ್ತಿಗೆ ಕುಗ್ಗುತ್ತವೆ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಿ, ಅಷ್ಟೆ.

‘ಸ್ಕ್ರೂ ನಡುವೆ ಕಚ್ಚಿಕೊಳ್ಳುತ್ತದೆ’

ಲೋಡ್ ಇಲ್ಲದೆ ಸ್ಕ್ರೂ ತುದಿಯಿಂದ ತುದಿಗೆ ಬೆರಳಲ್ಲೇ ತಿರುಗಬೇಕು. ಒಂದೇ ಜಾಗದಲ್ಲಿ ಕಚ್ಚಿದರೆ ಅಲ್ಲಿ ಥ್ರೆಡ್ ಜಜ್ಜಿದೆ ಅಥವಾ ಚೂರು ಸಿಕ್ಕಿಕೊಂಡಿದೆ. ಹಲ್ಲುಜ್ಜುವ ಹಳೇ ಬ್ರಷ್, ಸ್ವಲ್ಪ ಸೀಮೆಎಣ್ಣೆ ಸಾಕು. ಪ್ರತಿ ಸುತ್ತಿಗೂ ಒಂದು ಸಲ ಬಿಗಿಯಾಗಿ ಒಂದು ಸಲ ಸಡಿಲವಾದರೆ ಸ್ಕ್ರೂ ಬಾಗಿದೆ. ಗಾಜಿನ ಮೇಲೆ ಉರುಳಿಸಿ ನೋಡಿ, ಗೊತ್ತಾಗುತ್ತದೆ. ಬಾಗಿದ ಸ್ಕ್ರೂವನ್ನು ಸುತ್ತಿಗೆಯಲ್ಲಿ ನೇರ ಮಾಡಲು ಹೋಗಬೇಡಿ, ಹೊಸದು ತನ್ನಿ.

ಉದ್ದಕ್ಕೂ ಬಿಗಿ ಇದ್ದರೆ ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಹತಾರ, ವಾರೆಯಾಗಿ ಇಳಿದಿದೆ. ಇದಕ್ಕೆ ಈಗ ಪರಿಹಾರ ಇಲ್ಲ. ಡ್ರಿಲ್ಲಿಂಗ್ ಮೆಷಿನ್ನಿನ ಚಕ್ಕಿನಲ್ಲೇ ಟ್ಯಾಪ್ ಹಿಡಿದು, ಕರೆಂಟ್ ಆಫ್ ಮಾಡಿ, ಕೈಯಲ್ಲಿ ತಿರುಗಿಸುತ್ತಾ ಮೊದಲ ನಾಲ್ಕೈದು ಥ್ರೆಡ್ ತೆಗೆದಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲ. ಮುಂದಿನ ಕ್ಲಾಂಪಿಗೆ ನೆನಪಿಡಿ.

ಇನ್ನೊಂದು ಬಗೆ ಇದೆ. ಬಿಗಿ ಮಾಡುತ್ತಿದ್ದಂತೆ ಸ್ಕ್ರೂ ಇದ್ದಕ್ಕಿದ್ದಂತೆ ಹಗುರಾಗಿ, ಎಷ್ಟು ತಿರುಗಿಸಿದರೂ ಮುಂದೆ ಹೋಗದೆ ಸುಮ್ನೆ ಸುತ್ತುತ್ತದೆ. ಥ್ರೆಡ್ ಹೋಯಿತು ಎಂದೇ ಅರ್ಥ. ಫ್ರೇಮಿನಲ್ಲಿ ಥ್ರೆಡ್ ಇರುವ ಉದ್ದ ಅಳೆಯಿರಿ. ಉಕ್ಕಿಗೆ ಸ್ಕ್ರೂವಿನ ವ್ಯಾಸದಷ್ಟಾದರೂ ಬೇಕು, ಬೀಡಿಗೆ ಒಂದೂವರೆ ಪಟ್ಟು, ಅಲ್ಯೂಮಿನಿಯಮ್ಮಿಗೆ ಎರಡು ಪಟ್ಟು. ನಮ್ಮ ಕ್ಲಾಂಪಿನ ತೋಳು 25 ಮಿ.ಮೀ. ಇದೆ, ಆದ್ದರಿಂದ ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರೂ ಸಾಕು. ಆದರೆ ತೂಕ ಉಳಿಸಲು ತೋಳನ್ನು 10 ಮಿ.ಮೀ.ಗೆ ಇಳಿಸಿದ ಡಿಸೈನುಗಳನ್ನು ನೋಡಿದ್ದೇನೆ.

‘ಬಾಯಿ ತೆರೆದುಕೊಂಡಿತು, ವಾಪಸ್ ಬರಲಿಲ್ಲ’

ಇಲ್ಲಿ ಸ್ವಲ್ಪ ಕೂತು ಲೆಕ್ಕ ಮಾಡಬೇಕು.

ಬೆನ್ನಿನ ಮೇಲೆ ಎರಡು ಕೆಲಸ ನಡೆಯುತ್ತಿವೆ. ಒಂದು ನೇರ ಎಳೆತ: 2000 ನ್ಯೂಟನ್ನನ್ನು 12×25 ಅಂದರೆ 300 ಚದರ ಮಿ.ಮೀ.ಗೆ ಹಂಚಿದರೆ 6.7 ಎಂಪಿಎ, ಅಂದರೆ ಚದರ ಮಿ.ಮೀ.ಗೆ ಅಷ್ಟು ನ್ಯೂಟನ್. ಸ್ಟ್ರೆಸ್ ಎನ್ನುವುದು ಇದನ್ನೇ. ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಇನ್ನೊಂದು ಬಾಗಿಸುವುದು. ಸ್ಕ್ರೂವಿನ ಗೆರೆಯಿಂದ ಬೆನ್ನಿನ ನಡುಗೆರೆಗೆ 62.5 ಮಿ.ಮೀ., ಹಾಗಾಗಿ ಮೊಮೆಂಟ್, ಅಂದರೆ ಲೋಡ್ ಗುಣಿಸು ದೂರ, 1,25,000 ನ್ಯೂಟನ್ ಮಿ.ಮೀ. ಸೆಕ್ಷನ್ ಮಾಡ್ಯುಲಸ್, ಅಂದರೆ ದಪ್ಪ ಗುಣಿಸು ಅಗಲದ ವರ್ಗ ಭಾಗಿಸು 6, 1250 ಘನ ಮಿ.ಮೀ. ಭಾಗಿಸಿದರೆ 100 ಎಂಪಿಎ. ಒಟ್ಟು ಒಳಮುಖದಲ್ಲಿ ಸುಮಾರು 107. ಮೊದಲ ವರ್ಷದ ಲೆಕ್ಕದಂತೆ ಬರೀ ಲೋಡ್ ಭಾಗಿಸು ಏರಿಯಾ ಮಾಡಿ ಬಿಟ್ಟವರು ಹದಿನಾರು ಪಟ್ಟು ತಪ್ಪಿರುತ್ತಾರೆ.

ಸಾಮಾನ್ಯ ಇ250 ದರ್ಜೆಯ ಎಂಎಸ್ ಪ್ಲೇಟ್ 250 ಎಂಪಿಎಗೆ ಮಣಿಯುತ್ತದೆ, ಅಂದರೆ ವಾಪಸ್ ಬಾರದಂತೆ ಬಾಗುತ್ತದೆ. 107ಕ್ಕೆ ಹೋಲಿಸಿದರೆ 2.3 ಪಟ್ಟು ಭದ್ರ. ಹಾಗಾದರೆ ನಮ್ಮ ಕ್ಲಾಂಪ್ ಯಾಕೆ ಆಕಳಿಸಿತು?

ಟಾಮಿ ಬಾರ್, ಅಂದರೆ ಸ್ಕ್ರೂ ತಿರುಗಿಸುವ ಅಡ್ಡ ಸರಳು, ನೋಡಿ. ಎಂ12 ಸ್ಕ್ರೂವಿಗೆ ಅಂದಾಜು ಸೂತ್ರ ಒಂದಿದೆ: ಟಾರ್ಕ್ ಅಂದರೆ 0.2 ಗುಣಿಸು ಲೋಡ್ ಗುಣಿಸು ವ್ಯಾಸ. 2 ಕಿಲೋನ್ಯೂಟನ್ನಿಗೆ ಬೇಕಾದದ್ದು 4.8 ನ್ಯೂಟನ್ ಮೀಟರ್. ನಡುವಿನಿಂದ 100 ಮಿ.ಮೀ. ದೂರದಲ್ಲಿ ಹಿಡಿದರೆ ಬರೀ 48 ನ್ಯೂಟನ್, 5 ಕೆಜಿ ಅಕ್ಕಿ ಚೀಲದಷ್ಟು ಎಳೆತ. ಆದರೆ ಗಟ್ಟಿಮುಟ್ಟಾದ ಹುಡುಗನೊಬ್ಬ ‘ಟೈಟ್ ಆಯ್ತಾ ನೋಡ್ತೀನಿ’ ಎಂದು ಎಳೆದರೆ 200 ನ್ಯೂಟನ್ ಸಲೀಸು. ಆಗ ಲೋಡ್ 8.3 ಕಿಲೋನ್ಯೂಟನ್, ಒಳಮುಖದ ಸ್ಟ್ರೆಸ್ ಲೆಕ್ಕದ ಪ್ರಕಾರ 440 ದಾಟುತ್ತದೆ. ಅಷ್ಟು ಹೊತ್ತಿಗೆ ಲೋಹ ಮಣಿದು ಬಾಯಿ ತೆರೆದಾಗಿರುತ್ತದೆ. ಸ್ಕ್ರೂವಿಗೆ ಏನೂ ಆಗಿರುವುದಿಲ್ಲ, ಅದರ ಮೇಲೆ ಬೀಳುವುದು ಸುಮಾರು 100 ಎಂಪಿಎ ಮಾತ್ರ. ಹಾಗಾಗಿ ಎಲ್ಲರೂ ಫ್ರೇಮನ್ನೇ ಬೈಯುತ್ತಾರೆ. ಬಾರಿಗೆ ಪೈಪ್ ತೂರಿಸಿ ತಿರುಗಿಸಿದವರ ಕಥೆ ಹೇಳುವುದೇ ಬೇಡ.

ಪರೀಕ್ಷೆ ಅಗ್ಗ. ಸಂತೆಯಲ್ಲಿ ಸಿಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಬಾರಿನ 100 ಮಿ.ಮೀ. ಗುರುತಿಗೆ ಸಿಕ್ಕಿಸಿ, ಲಂಬಕೋನದಲ್ಲಿ ಎಳೆಯಿರಿ. 5 ಕೆಜಿ ತೋರಿಸಿದಾಗ ನಿಲ್ಲಿಸಿ. ಆ 0.2 ಎಂಬ ಅಂಕಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಎಣ್ಣೆ, ತುಕ್ಕು, ಥ್ರೆಡ್ಡಿನ ನಯ ನೋಡಿಕೊಂಡು 0.15ರಿಂದ 0.25ರವರೆಗೆ ಆಡುತ್ತದೆ. ಅಂದರೆ ಅದೇ 5 ಕೆಜಿ ಎಳೆತಕ್ಕೆ 1.6ರಿಂದ 2.7 ಕಿಲೋನ್ಯೂಟನ್ ತನಕ ಏನಾದರೂ ಬರಬಹುದು. ತುದಿಯಲ್ಲಿ ಗುಂಡು ಪ್ಯಾಡ್ ಇದ್ದರೆ ಘರ್ಷಣೆ ಇನ್ನೂ ಕಡಿಮೆ, ಲೋಡ್ ಇನ್ನೂ ಜಾಸ್ತಿ. ಅಂದಾಜಿಗೆ ಇಷ್ಟು ಸಾಕು. ರಿಪೋರ್ಟಿನಲ್ಲಿ ಬರೆಯುವ ಅಂಕಿ ಬೇಕಾದರೆ ದವಡೆಗಳ ನಡುವೆ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) ಇಡಿ.

ಲೋಡ್ ಸರಿ ಇದ್ದೂ ಬಾಯಿ ತೆರೆದೇ ಉಳಿದುಬಿಟ್ಟರೆ ಆಗ ಒಳಮೂಲೆ ನೋಡಿ. ತೋಳು ಬೆನ್ನಿಗೆ ಸೇರುವಲ್ಲಿ ತಿರುವು ಚಿಕ್ಕದಾದಷ್ಟೂ ಸ್ಟ್ರೆಸ್ ಒಳಗೆ ಗುಂಪುಗಟ್ಟುತ್ತದೆ. ಒಳ ತ್ರಿಜ್ಯ 12.5 ಮಿ.ಮೀ., ಅಂದರೆ ಅಗಲದ ಅರ್ಧ ಇಟ್ಟರೂ ಬಾಗುವ ಸ್ಟ್ರೆಸ್ ನೇರ ಬೀಮ್ ಲೆಕ್ಕಕ್ಕಿಂತ ಒಂದೂವರೆ ಪಟ್ಟು. 2.3 ಇದ್ದ ಭದ್ರತೆ 1.6ಕ್ಕೆ ಬಂತು. ಚೂಪು ಮೂಲೆ ಬಿಟ್ಟಿದ್ದರೆ ಕೇಳುವುದೇ ಬೇಡ.

ಡಿಸೈನ್ ತಿದ್ದುವುದಾದರೆ ಲೋಹವನ್ನು ಸರಿಯಾದ ದಿಕ್ಕಿಗೆ ಹಾಕಿ. ದಪ್ಪವನ್ನು 12ರಿಂದ 14.4ಕ್ಕೆ ಏರಿಸಿದರೆ ಸ್ಟ್ರೆಸ್ 107ರಿಂದ 89ಕ್ಕೆ ಇಳಿಯುತ್ತದೆ. ದಪ್ಪ ಹಾಗೇ ಬಿಟ್ಟು ಅಗಲವನ್ನು 25ರಿಂದ 30ಕ್ಕೆ ಏರಿಸಿದರೆ 78ಕ್ಕೆ ಬರುತ್ತದೆ. ಸೆಕ್ಷನ್ನಿಗೆ ಸೇರಿಸಿದ ಲೋಹ ಎರಡರಲ್ಲೂ ಒಂದೇ.

ಒಮ್ಮೆ ತೆರೆದು ನಿಂತ ಫ್ರೇಮನ್ನು ವೈಸಿನಲ್ಲಿ ಒತ್ತಿ ಮುಚ್ಚಿ ಮತ್ತೆ ಬಳಸಬೇಡಿ. ಅದು ಮಣಿದಾಗಿದೆ. ಪ್ರದರ್ಶನಕ್ಕೆ ಇಡಿ.

‘ಡಯಲ್ ಗೇಜ್ ಓದು ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ’

ಡಯಲ್ ಗೇಜ್ ಅಂದರೆ ಸಣ್ಣ ಸರಿತವನ್ನೂ ಮುಳ್ಳಿನಲ್ಲಿ ತೋರಿಸುವ, ಗಡಿಯಾರದಂಥ ಅಳತೆ ಸಾಧನ. ನಮ್ಮ ಕ್ಲಾಂಪ್ 2 ಕಿಲೋನ್ಯೂಟನ್ನಿಗೆ ಎಷ್ಟು ತೆರೆಯಬೇಕು? ಬೆನ್ನು ಬಾಗುವುದರಿಂದ 0.20 ಮಿ.ಮೀ., ಎರಡು ತೋಳುಗಳು ಬಾಗುವುದರಿಂದ 0.05 ಮತ್ತು 0.05. ಒಟ್ಟು ಸುಮಾರು 0.30. ಉಕ್ಕಿನ ಇ (ಯಂಗ್ಸ್ ಮಾಡ್ಯುಲಸ್, ಲೋಹದ ಬಿಗುವಿನ ಅಳತೆ) ಬೆಲೆಯನ್ನು 2 ಲಕ್ಷ ಎಂಪಿಎ ಎಂದು ಹಿಡಿದಿದ್ದೇನೆ. ಅರ್ಧ ಲೋಡಿಗೆ ಅರ್ಧ, 0.15. ಈ ನೇರ ಗೆರೆಯೇ ನಿಮ್ಮ ಅಳತೆಗೋಲು.

ಶುರುವಿನಲ್ಲಿ ಓದು ಜಿಗಿದು, ಆಮೇಲೆ ನೇರ ಗೆರೆಯಲ್ಲಿ ಹೋದರೆ ಕ್ಲಾಂಪಿನ ತಪ್ಪಲ್ಲ. ಥ್ರೆಡ್ಡಿನ ಸಂದು, ಪ್ಯಾಡಿನ ಸಡಿಲ ಎಲ್ಲ ಮೊದಲು ಮುಚ್ಚಿಕೊಳ್ಳುತ್ತಿವೆ. ಅರ್ಧ ಲೋಡಿನವರೆಗೆ ಮೂರು ಸಲ ಏರಿಸಿ ಇಳಿಸಿ, ಆಮೇಲೆ ಡಯಲ್ ಸೊನ್ನೆ ಮಾಡಿ. ಎಲ್ಲ ಓದೂ ಒಂದೇ ಪ್ರಮಾಣದಲ್ಲಿ ಜಾಸ್ತಿ ಇದ್ದರೆ ಗೇಜಿನ ಸ್ಟ್ಯಾಂಡ್ ಎಲ್ಲಿದೆ ನೋಡಿ. ಟೇಬಲ್ ಮೇಲೆ ನಿಲ್ಲಿಸಿದ್ದರೆ ಟೇಬಲ್, ಫಿಕ್ಸ್‌ಚರ್ ಬಾಗುವುದನ್ನೂ ಅಳೆಯುತ್ತಿದ್ದೀರಿ. ಒಂದು ತೋಳಿನ ಮೇಲೆ ಗೇಜ್ ಕೂರಿಸಿ ಇನ್ನೊಂದು ತೋಳಿಗೆ ಮೊನೆ ತಾಗಿಸಿ. ಗೆರೆ ಮೇಲೆ ಹೋದಂತೆ ಬಾಗಿದರೆ, ಇಳಿಸಿದಾಗ ಸೊನ್ನೆಗೆ ಬರದಿದ್ದರೆ, ಲೋಹ ಮಣಿಯಲು ಶುರುವಾಗಿದೆ. ಅಲ್ಲಿಗೆ ನಿಲ್ಲಿಸಿ.

ಕಾಲೇಜಿನ ಯುಟಿಎಂ ಬಗ್ಗೆ ಒಂದು ಮಾತು. 400 ಕಿಲೋನ್ಯೂಟನ್ ಮೆಷಿನ್ನಿನಲ್ಲಿ 2 ಕಿಲೋನ್ಯೂಟನ್ ಅಂದರೆ ಅದರ ಸಾಮರ್ಥ್ಯದ ಶೇಕಡಾ 0.5. ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ಅಕ್ಕಿ ಮೂಟೆ ತೂಗಿದ ಹಾಗೆ. ಕಡಿಮೆ ರೇಂಜ್ ಇದ್ದರೆ ಅದನ್ನು ಹಾಕಿಸಿ, ಇಲ್ಲದಿದ್ದರೆ ನಡುವೆ ಸಣ್ಣ ಲೋಡ್ ಸೆಲ್ ಸೇರಿಸಿ. ಅದೂ ಇಲ್ಲವೇ? ಮೇಲಿನ ದವಡೆಯನ್ನು ಗಟ್ಟಿ ಕೊಕ್ಕೆಗೆ ಹಾಕಿ, ಕೆಳಗಿನದಕ್ಕೆ ಸರಪಳಿಯಲ್ಲಿ 50 ಕೆಜಿ ತೂಕದ ಕಲ್ಲು ನೇತುಹಾಕಿ. ಡಯಲ್ ಗೇಜಿನಲ್ಲಿ ಏಳು ಸಣ್ಣ ಗೆರೆ, ಅಂದರೆ 0.07 ಮಿ.ಮೀ. ಬರಬೇಕು. ತೂಕ ನೆಲದಿಂದ 50 ಮಿ.ಮೀ.ಗಿಂತ ಎತ್ತರ ಇರಬಾರದು, ಕೆಳಗೆ ಕಾಲು ಇಡಬಾರದು. 200 ಕೆಜಿಯನ್ನು ಹೀಗೆ ನೇತುಹಾಕುವ ಯೋಚನೆ ಬಿಟ್ಟುಬಿಡಿ.

‘ಕಂಪ್ಯೂಟರಿನಲ್ಲಿ ಮೆಶ್ ಸಣ್ಣ ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಇದೆ’

ಕಂಪ್ಯೂಟರ್ ಮಾಡೆಲ್ಲನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಸ್ಟ್ರೆಸ್ ಲೆಕ್ಕ ಮಾಡುತ್ತದೆ, ಆ ತುಂಡುಗಳ ಬಲೆಯೇ ಮೆಶ್. ನಿಮ್ಮ ಮಾಡೆಲ್ಲಿನಲ್ಲಿ ಒಳಮೂಲೆ ಚೂಪಾಗಿದೆ. ಅಲ್ಲಿ ಲೆಕ್ಕದ ಪ್ರಕಾರ ಸ್ಟ್ರೆಸ್ಸಿಗೆ ಮಿತಿಯೇ ಇಲ್ಲ, ಎಷ್ಟು ಸಣ್ಣ ಮೆಶ್ ಹಾಕಿದರೂ ನಿಲ್ಲುವುದಿಲ್ಲ. ನಿಜವಾಗಿ ಕತ್ತರಿಸುವ ತ್ರಿಜ್ಯವನ್ನೇ ಮಾಡೆಲ್ಲಿಗೆ ಹಾಕಿ. ಬಣ್ಣದ ಚಿತ್ರ ನೋಡುವ ಮೊದಲು ಬಾಯಿ ಎಷ್ಟು ತೆರೆಯಿತು ನೋಡಿ. 0.3ರ ಆಸುಪಾಸು ಇದ್ದರೆ ಸರಿ. ಸಾವಿರ ಪಟ್ಟು, ಹತ್ತು ಲಕ್ಷ ಪಟ್ಟು ವ್ಯತ್ಯಾಸ ಬಂದರೆ ಯೂನಿಟ್ ತಪ್ಪಿದೆ: ಮಿ.ಮೀ.ನಲ್ಲಿ ಅಳತೆ ಕೊಟ್ಟು ಪ್ಯಾಸ್ಕಲ್ಲಿನಲ್ಲಿ ಇ ಕೊಟ್ಟಿರುತ್ತೀರಿ. ತೀರಾ ಕಡಿಮೆ ಬಂದರೆ ಬೆನ್ನನ್ನೇ ಫಿಕ್ಸ್ ಮಾಡಿದ್ದೀರಾ ನೋಡಿ. ಬಾಗಬೇಕಾದ ಭಾಗವನ್ನೇ ಕಟ್ಟಿಹಾಕಿದರೆ ಎಲ್ಲ ಡಿಸೈನೂ ಪಾಸ್.

‘ಟಿಕ್ ಎಂದಿತು’, ‘ಬಿರುಕು ಇರಬಹುದಾ?’

ಸದ್ದು ಕೇಳಿದ ಕೂಡಲೇ ಲೋಡ್ ಇಳಿಸಿ. ಪ್ಯಾಡ್ ಜಾರಿದ್ದಕ್ಕೂ ಸದ್ದು ಬರುತ್ತದೆ, ಬಿರುಕಿಗೂ ಬರುತ್ತದೆ. ಲೋಡ್ ಇರುವಾಗ ಹತ್ತಿರ ಹೋಗಿ ಇಣುಕಿ ಪತ್ತೆ ಮಾಡುವ ಕೆಲಸ ಬೇಡ.

ಡೈ ಪೆನೆಟ್ರಂಟ್ ಕಿಟ್ (ಬಣ್ಣದ ದ್ರವ ಹಚ್ಚಿ ಬಿರುಕು ಪತ್ತೆ ಮಾಡುವಂಥದ್ದು) ಲ್ಯಾಬಿನಲ್ಲಿ ಇದ್ದರೆ ಬಳಸಿ. ಇಲ್ಲದಿದ್ದರೆ ಹಳೇ ಕಾಲದ ಉಪಾಯ ಇದೆ, ಅದಕ್ಕೆ ಬೇಕಾದ ಎರಡೂ ಸಾಮಾನು ‘ಸೀಮೆ’ಯಿಂದ ಬಂದದ್ದೇ: ಸೀಮೆಎಣ್ಣೆ ಮತ್ತು ಸೀಮೆಸುಣ್ಣ. ಮೂಲೆಯನ್ನು ಚೊಕ್ಕ ಮಾಡಿ ಸೀಮೆಎಣ್ಣೆ ಹಚ್ಚಿ, ಕಾಲು ಗಂಟೆ ಬಿಟ್ಟು ಚೆನ್ನಾಗಿ ಒರೆಸಿ, ಚಾಕ್ ಪುಡಿ ಸವರಿ. ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಗೆ ಏರಿ ಒದ್ದೆ ಗೆರೆ ಕಾಣುತ್ತದೆ. ಹತ್ತಿರ ಬೆಂಕಿ, ವೆಲ್ಡಿಂಗ್ ಇರಬಾರದು. ಗೆರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಬಿರುಕಿಲ್ಲ ಎಂದಲ್ಲ, ತೀರಾ ಸಣ್ಣದು ಇದರಲ್ಲಿ ಸಿಗುವುದಿಲ್ಲ.

ಬಿರುಕು ಕಂಡರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಬೀಡಿನ ಮೇಲೆ ನೀವೇ ವೆಲ್ಡಿಂಗ್ ಹೊಡೆಯಬೇಡಿ, ತಣಿಯುವಾಗ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ವೆಲ್ಡ್ ಮಾಡಿದ ಎಂಎಸ್ ಫ್ರೇಮ್ ಆದರೆ ಬಿರುಕು ಸಾಮಾನ್ಯವಾಗಿ ವೆಲ್ಡಿನ ಅಂಚಿನಲ್ಲಿ ಶುರುವಾಗಿರುತ್ತದೆ. ಅದನ್ನು ಉಜ್ಜಿ ತೆಗೆದು ಮತ್ತೆ ಹಾಕುವುದು ಬಲ್ಲ ವೆಲ್ಡರ್ ಮಾಡಬೇಕಾದ ಕೆಲಸ.

ಬೀಡಿನ ಫ್ರೇಮ್ ಬಗ್ಗೆ ಇನ್ನೊಂದು ಲೆಕ್ಕ. ಎಫ್‌ಜಿ 200 ದರ್ಜೆ ಅಂದರೆ 200 ಎಂಪಿಎ ಎಳೆತಕ್ಕೆ ಮುರಿಯುತ್ತದೆ. ಅದೇ ಅಳತೆಯಲ್ಲಿ 107 ಬಂದರೆ ಎರಡು ಪಟ್ಟೂ ಭದ್ರತೆ ಇಲ್ಲ. ಒಳಮೂಲೆಯ ಒಂದೂವರೆ ಪಟ್ಟು ಸೇರಿಸಿದರೆ 157. ಎಂಎಸ್ ಡ್ರಾಯಿಂಗನ್ನೇ ಫೌಂಡ್ರಿಗೆ ಕೊಟ್ಟು ಎರಕ ಹೊಯ್ಯಿಸಿದ ತಂಡಕ್ಕೆ ಇದೇ ಆಗುವುದು.

ಮುರಿದೇ ಹೋದರೆ

ಎರಡು ತುಂಡನ್ನು ಜೋಡಿಸಿ ನೋಡಬೇಡಿ. ಎಲ್ಲರೂ ಮೊದಲು ಮಾಡುವುದೇ ಅದು. ಮುಖಕ್ಕೆ ಮುಖ ಉಜ್ಜಿದರೆ ಒಳಗಿನ ಗುರುತು ಅಳಿಸುತ್ತದೆ. ಮುರಿದ ಮುಖ ಬೂದು ಬಣ್ಣಕ್ಕೆ, ಸಕ್ಕರೆ ಹರಳಿನಂತೆ ಇದ್ದು ಸುತ್ತ ಲೋಹ ಬಾಗಿರದಿದ್ದರೆ ಬೀಡು ಒಮ್ಮೆಲೇ ಮುರಿದಿದೆ. ಸಣ್ಣ ತೂತುಗಳೋ ಕಪ್ಪು ಕಲೆಗಳೋ ಕಂಡರೆ ಎರಕದಲ್ಲೇ ಗಾಳಿ, ಕಿಟ್ಟ ಉಳಿದಿತ್ತು. ಒಂದು ಭಾಗ ನಯವಾಗಿ, ಕಪ್ಪೆಚಿಪ್ಪಿನ ಮೇಲಿನ ಗೆರೆಗಳಂತೆ ಇದ್ದು ಉಳಿದದ್ದು ಒರಟಾಗಿದ್ದರೆ ಬಿರುಕು ಎಷ್ಟೋ ಸಲದ ಬಿಗಿ ಸಡಿಲಿನಲ್ಲಿ ಬೆಳೆದು ಕೊನೆಗೆ ಮುರಿದಿದೆ. ಆ ಗೆರೆಗಳು ಸುತ್ತುವರಿದ ಬಿಂದುವೇ ಶುರುವಾದ ಜಾಗ.

ಮುಖವನ್ನು ಮುಟ್ಟದೆ, ಹಗುರಾಗಿ ಎಣ್ಣೆ ಸವರಿ, ಎರಡು ತುಂಡನ್ನೂ ಬೇರೆ ಬೇರೆ ಹಳೇ ಪೇಪರಿನಲ್ಲಿ ಸುತ್ತಿ. ಮೇಲೆ ಪೆನ್ನಿನಲ್ಲಿ ಕೊನೆಯ ಲೋಡ್ ಓದು ಬರೆದು ಲ್ಯಾಬಿಗೆ ತೆಗೆದುಕೊಂಡು ಹೋಗಿ. ಸರ್ ಮೊದಲು ಕೇಳುವುದು ಅದನ್ನೇ.